ಐವತ್ತೈದು ದಾಟಿ ಬೆಟ್ಟಕ್ಕೆ ಹೊರಟವರಿಗೆ: ಮೊದಲು ಇಳಿಯೋದು ಕಲಿಯಿರಿ

ಮೊದಲ ಸಲ ಉದ್ದನೆಯ ಚಾರಣಕ್ಕೆ ಹೊರಟಾಗ ನನಗೆ 58. ಆರು ತಿಂಗಳು ತಯಾರಿ ಮಾಡಿಕೊಂಡಿದ್ದೆ. ದಿನಾ ಬೆಳಿಗ್ಗೆ ಒಂದು ಗಂಟೆ ನಡಿಗೆ. ವಾರಕ್ಕೆ ಮೂರು ದಿನ ಒಂಬತ್ತು ಮಹಡಿಯ ಮೆಟ್ಟಿಲು, ಅದೂ ಬೆನ್ನಿಗೆ ಬ್ಯಾಗ್ ಹಾಕಿಕೊಂಡು. ಹತ್ತುವುದು, ಲಿಫ್ಟ್‌ನಲ್ಲಿ ಕೆಳಗೆ ಬರುವುದು, ಮತ್ತೆ ಹತ್ತುವುದು. ಇಳಿಯುವಾಗ ಮಂಡಿ ಸವೆಯುತ್ತದಲ್ಲ, ಅದನ್ನು ಬೆಟ್ಟಕ್ಕೆ ಉಳಿಸಿಕೊಳ್ಳೋಣ ಅನ್ನೋ ಜಾಣತನ ನನ್ನದು.

ಎರಡನೇ ದಿನ ಮಧ್ಯಾಹ್ನದವರೆಗೆ ಎಲ್ಲಾ ಚೆನ್ನಾಗಿತ್ತು. ಹತ್ತುವಾಗ ನನಗಿಂತ ಇಪ್ಪತ್ತು ವರ್ಷ ಚಿಕ್ಕವರ ಜೊತೆಗೇ ಇದ್ದೆ, ಸ್ವಲ್ಪ ಜಂಬವೂ ಬಂದಿತ್ತು. ಆಮೇಲೆ ಕಣಿವೆಗೆ 1,100 ಮೀಟರ್ ಇಳಿಜಾರು ಶುರುವಾಯಿತು. ಅರ್ಧ ದಾರಿಗೆ ಬರುವಷ್ಟರಲ್ಲಿ ತೊಡೆ ಹೊಲಿಗೆ ಮಿಷನ್ ಥರ ನಡುಗೋಕೆ ಶುರು. ದಮ್ಮು ಇದೆ, ಹಸಿವಿಲ್ಲ, ತಲೆನೋವಿಲ್ಲ, ಆದರೆ ಕಾಲು ಮಾತ್ರ ನನ್ನ ಮಾತು ಕೇಳುತ್ತಿಲ್ಲ. ಕೊನೆಯ ಒಂದು ಗಂಟೆ ಮುಖವನ್ನು ಬೆಟ್ಟದ ಕಡೆ ಮಾಡಿ ಹಿಂದೆ ಹಿಂದೆ ಇಳಿದೆ. ಮರುದಿನ ಬೆಳಿಗ್ಗೆ ಟೆಂಟ್‌ನಿಂದ ಅಂಬೆಗಾಲಲ್ಲಿ ಹೊರಗೆ ಬಂದೆ. ಒಂಬತ್ತು ದಿನದ ಚಾರಣ ನನಗೆ ಮೂರನೇ ದಿನಕ್ಕೇ ಮುಗಿಯಿತು.

ಎರಡು ವರ್ಷ ಬಿಟ್ಟು ಅದೇ ದಾರಿಯನ್ನು ಪೂರ್ತಿ ಮಾಡಿದೆ. ಆ ನಡುವೆ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ದಿನಕ್ಕೆ 12ರಿಂದ 18 ಕಿಲೋಮೀಟರ್, ಐದರಿಂದ ಹತ್ತು ದಿನ, ಬೆನ್ನ ಮೇಲೆ ಬ್ಯಾಗ್, ಇಂಥ ನಡಿಗೆಗೆ ಹೊರಡುವ ಆಸೆ ಇರುವವರಿಗೆ ಇದು. ಆರು ತಿಂಗಳು ಸಮಯ ಇಟ್ಟುಕೊಳ್ಳಿ. ಈಗ ಸುಮ್ನೆ ಕೂತೇ ಇರುವವರಾದರೆ ಎಂಟು ತಿಂಗಳು.

ಮೊದಲು ಒಂದು ಲೆಕ್ಕ ಹಾಕಿ

ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಫೋಟೋದಲ್ಲಿರುವ ಬೆಟ್ಟ ಇನ್ನೂ ನುಣ್ಣಗೆ. ಹಾಗಾಗಿ ದಾರಿಯನ್ನು ಅಂಕಿಯಲ್ಲಿ ನೋಡಿ. ದಿನಕ್ಕೆ ಎಷ್ಟು ಕಿಲೋಮೀಟರ್ ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಮೀಟರ್ ಏರು, ಎಷ್ಟು ಮೀಟರ್ ಇಳಿತ ಅಂತ ಕೇಳುವವರು ಕಡಿಮೆ.

ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನುವ ಬೆಟ್ಟಗಾರ 1892ರಲ್ಲಿ ಒಂದು ಸೂತ್ರ ಕೊಟ್ಟ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 14 ಕಿಲೋಮೀಟರ್ ದೂರ, 900 ಮೀಟರ್ ಏರು ಇರುವ ದಿನ ತಗೊಳ್ಳಿ. ದೂರಕ್ಕೆ 2 ಗಂಟೆ 48 ನಿಮಿಷ, ಏರಿಗೆ ಒಂದೂವರೆ ಗಂಟೆ, ಒಟ್ಟು 4 ಗಂಟೆ 18 ನಿಮಿಷ. ಇದು ಗಟ್ಟಿಮುಟ್ಟಾದ ಆಳಿನ ಲೆಕ್ಕ, ನಿಲ್ಲದೆ ನಡೆದರೆ. ನಮ್ಮ ವಯಸ್ಸಿಗೆ, ನಮ್ಮ ಬ್ಯಾಗಿಗೆ ಅದನ್ನು ಒಂದೂವರೆ ಪಟ್ಟು ಮಾಡಿ: ಸುಮಾರು ಆರೂವರೆ ಗಂಟೆ. ಊಟ, ನೀರು, ಸುಧಾರಿಸಿಕೊಳ್ಳೋದು ಎಲ್ಲಾ ಸೇರಿ ಎಂಟು ಗಂಟೆ. ನಿಮ್ಮ ನಿಜವಾದ ದಿನ ಇದು.

ಒಂದು ಮಜಾ ನೋಡಿ, ನೈಸ್ಮಿತ್ ಸೂತ್ರದಲ್ಲಿ ಇಳಿಯೋದಕ್ಕೆ ಲೆಕ್ಕವೇ ಇಲ್ಲ. ಆಮೇಲೆ ಬಂದವರು ಅದನ್ನು ತಿದ್ದಿ, ಕಡಿದಾದ ಇಳಿಜಾರು ಇದ್ದರೆ ಪ್ರತಿ 300 ಮೀಟರಿಗೆ ಹತ್ತು ನಿಮಿಷ ಸೇರಿಸಿ ಅಂದರು. ನಾನಂತೂ ಇಳಿಯೋಕೂ ಹತ್ತುವಷ್ಟೇ ಸಮಯ ಇಡುತ್ತೇನೆ. ಬೇಗ ತಲುಪಿದರೆ ಯಾರೂ ಬೈಯಲ್ಲ.

ಡಾಕ್ಟರ್ ಹತ್ತಿರ ಏನು ಹೇಳಬೇಕು

"ಟ್ರೆಕ್ಕಿಂಗ್ ಹೋಗ್ತಿದೀನಿ ಡಾಕ್ಟ್ರೇ" ಅಂದರೆ ಅವರು "ಹೋಗಿ ಬನ್ನಿ, ಒಳ್ಳೇದು" ಅನ್ನುತ್ತಾರೆ, ಅಷ್ಟೇ. ಅಂಕಿ ಹೇಳಿ. "ದಿನಕ್ಕೆ ಎಂಟು ಗಂಟೆ, ಎಂಟು ದಿನ, ಒಂಬತ್ತು ಕಿಲೋ ಬ್ಯಾಗ್, 3,500 ಮೀಟರ್ ಎತ್ತರ, ಆಸ್ಪತ್ರೆ ಒಂದು ದಿನದ ದಾರಿ" ಅಂದಾಗ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಹೃದಯಕ್ಕೆ ಟ್ರೆಡ್‌ಮಿಲ್ ಟೆಸ್ಟ್ ಬೇಕಾ ಬೇಡವಾ ಅಂತ ಆಗ ಅವರೇ ಯೋಚನೆ ಮಾಡುತ್ತಾರೆ.

ತಗೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಒಂದೊಂದರ ಬಗ್ಗೆಯೂ ಕೇಳಿ. ಬಿ.ಪಿ.ಗೆ ಬೀಟಾ ಬ್ಲಾಕರ್ ತಗೊಳ್ಳುವವರಿಗೆ ಎಷ್ಟೇ ಕಷ್ಟಪಟ್ಟರೂ ನಾಡಿ ಬಡಿತ ಅಷ್ಟು ಮೇಲಕ್ಕೆ ಹೋಗಲ್ಲ, ಹಾಗಾಗಿ ಕೈಗಡಿಯಾರ ತೋರಿಸುವ ಅಂಕಿ ನಂಬುವಂತಿಲ್ಲ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇದ್ದರೆ ಬೆವರುವ ದಿನ ಮೈಯಲ್ಲಿ ನೀರು ಬೇಗ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಯ ಕೆಲವು ಔಷಧಿ, ಇನ್ಸುಲಿನ್ ಅಂತೂ ಖಂಡಿತ, ಇಡೀ ದಿನ ನಡೆದರೆ ಸಕ್ಕರೆಯನ್ನು ತೀರಾ ಕೆಳಗೆ ಇಳಿಸಿಬಿಡಬಹುದು. ಇನ್ಸುಲಿನ್ ಚಳಿಗೆ ಹೆಪ್ಪುಗಟ್ಟಿದರೆ ಹಾಳು ಬೇರೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಚಿಕ್ಕದಾಗಿ ಬಿದ್ದರೂ ಅದು ದೊಡ್ಡ ವಿಷಯ. ಇನ್ನು ನೋವಿನ ಮಾತ್ರೆ. ಐಬುಪ್ರೊಫೇನ್ ಥರದ್ದನ್ನು ನೀರು ಕಮ್ಮಿಯಾದ ಮೈಗೆ ದಿನಾ ಹಾಕುತ್ತಾ ಹೋದರೆ ಕಿಡ್ನಿಗೆ ಪೆಟ್ಟು. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ, ಸುಮ್ನೆ ಕೇಳಿ.

ಕಣ್ಣಿನ ವಿಷಯ ಯಾರೂ ಹೇಳಲ್ಲ, ನಾನು ಹೇಳುತ್ತೇನೆ. ನೀವು ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಹಾಕುವವರಾ? ಅದರ ಕೆಳಭಾಗ ಪುಸ್ತಕ ಓದೋಕೆ ಮಾಡಿದ್ದು. ಬೆಟ್ಟ ಇಳಿಯುವಾಗ ಕಾಲಿನ ಕಡೆ ನೋಡುತ್ತೀರಿ, ಅಂದರೆ ಓದುವ ಗಾಜಿನಲ್ಲಿ ನೆಲ ನೋಡುತ್ತೀರಿ. ಒಂದೂವರೆ ಮೀಟರ್ ಕೆಳಗಿರುವ ಕಲ್ಲು ಮಬ್ಬಾಗಿ, ಎಲ್ಲೋ ಇದ್ದ ಹಾಗೆ ಕಾಣುತ್ತದೆ. ನಾನು ಮೊದಲ ಸಲ ಎರಡು ಕಡೆ ಮುಗ್ಗರಿಸಿದ್ದು ಕಾಲಿನ ತಪ್ಪು ಅಂದುಕೊಂಡಿದ್ದೆ, ಅರ್ಧ ತಪ್ಪು ಕನ್ನಡಕದ್ದು. ಬರೀ ದೂರ ನೋಡುವ ನಂಬರಿನ ಒಂದು ಜೊತೆ ಮಾಡಿಸಿಕೊಳ್ಳಿ. ಮ್ಯಾಪ್ ನೋಡೋಕೆ ಜೇಬಲ್ಲಿ ಓದುವ ಕನ್ನಡಕ ಇಟ್ಟುಕೊಳ್ಳಿ.

ಮೊದಲ ಎರಡು ತಿಂಗಳು: ಬೇಜಾರಾಗುವಷ್ಟು ನಿಧಾನ

ಈ ಹಂತದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ವಾರಕ್ಕೆ ನಾಲ್ಕು ದಿನ ನಡೆಯಿರಿ, ಅದರಲ್ಲಿ ಒಂದು ದಿನ ಉದ್ದ. ಪಕ್ಕದಲ್ಲಿರುವವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾ ನಡೆಯೋಕೆ ಆಗಬೇಕು. ಎರಡು ಮಾತಿಗೊಮ್ಮೆ ಉಸಿರು ಎಳೆಯಬೇಕಾದರೆ ವೇಗ ಜಾಸ್ತಿಯಾಯಿತು. ಹಾಡೋಕೆ ಆಗುತ್ತಿದ್ದರೆ ಸ್ವಲ್ಪ ಬಿರುಸು ಮಾಡಿ. ಪ್ರತಿ ವಾರ ಹತ್ತನೇ ಒಂದು ಭಾಗದಷ್ಟು ಹೆಚ್ಚಿಸುತ್ತಾ ಹೋಗಿ, ನಾಲ್ಕನೇ ವಾರ ಕಡಿಮೆ ಮಾಡಿ, ಮತ್ತೆ ಹೆಚ್ಚಿಸಿ.

ಯಾಕೆ ಇಷ್ಟು ನಿಧಾನ ಅಂದರೆ, ಹೃದಯ ಮತ್ತು ಉಸಿರು ಕೆಲವೇ ವಾರದಲ್ಲಿ ಸುಧಾರಿಸುತ್ತವೆ. ಸ್ನಾಯುವಿಗೆ ಅದಕ್ಕಿಂತ ಜಾಸ್ತಿ ಸಮಯ ಬೇಕು. ಸ್ನಾಯುವನ್ನು ಮೂಳೆಗೆ ಕಟ್ಟಿಹಿಡಿಯುವ ಹುರಿಗಳು, ಹಿಮ್ಮಡಿಯ ಹಿಂದಿನ ದಪ್ಪ ನರ ಅಂತೀವಲ್ಲ ಅದು, ತಿಂಗಳುಗಟ್ಟಲೆ ತಗೊಳ್ಳುತ್ತವೆ. ಆರನೇ ವಾರಕ್ಕೆ ನಿಮಗೆ ಹುಮ್ಮಸ್ಸು ಬರುತ್ತದೆ, "ಇನ್ನೂ ನಡೀಬಹುದಲ್ಲ" ಅನಿಸುತ್ತದೆ. ನಮ್ಮ ವಯಸ್ಸಿನವರು ಕಾಲು ಕೆಡಿಸಿಕೊಳ್ಳೋದು ಸರಿಯಾಗಿ ಆ ವಾರದಲ್ಲೇ.

ವಯಸ್ಸಾದವರ ಸ್ನಾಯು ಬೆಳೆಯಲ್ಲ ಅನ್ನೋದು ತಪ್ಪು. ಬಳಸದೆ ಬಿಟ್ಟರೆ 30ರ ನಂತರ ಪ್ರತಿ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8 ಭಾಗ ಸ್ನಾಯು ಕರಗುತ್ತದೆ, 60ರ ನಂತರ ಇನ್ನೂ ಬೇಗ. ಆದರೆ ಭಾರ ಕೊಟ್ಟರೆ 70ರಲ್ಲೂ, 80ರಲ್ಲೂ ಅದು ಗಟ್ಟಿಯಾಗುತ್ತದೆ. ಬದಲಾಗೋದು ಒಂದೇ, ಸುಧಾರಿಸಿಕೊಳ್ಳೋಕೆ ಬೇಕಾದ ಸಮಯ. 30ರಲ್ಲಿ ಒಂದು ರಾತ್ರಿ ನಿದ್ದೆ ಸಾಕಿತ್ತು, ಈಗ ಎರಡು ದಿನ ಬೇಕು. ಜೋರಾಗಿ ಕಾಲು ದಣಿಸಿದ ಮರುದಿನ ಮತ್ತೆ ಕಾಲಿಗೆ ಕೆಲಸ ಕೊಡಬೇಡಿ.

ಮೂರು ಮತ್ತು ನಾಲ್ಕನೇ ತಿಂಗಳು: ಇಳಿಯೋ ಪಾಠ

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲಕ್ಕೆ ತಳ್ಳುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಹಿಗ್ಗುತ್ತಾ ಮೈಯ ಭಾರವನ್ನು ತಡೆದು ಹಿಡಿಯುತ್ತದೆ, ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಬಿಗಿಹಿಡಿದು ಸ್ವಲ್ಪ ಸ್ವಲ್ಪವೇ ಬಿಡುತ್ತೇವಲ್ಲ, ಹಾಗೆ. ಇದರಲ್ಲಿ ದಮ್ಮು ಅಷ್ಟು ಬೇಕಿಲ್ಲ, ಅದಕ್ಕೇ ಸುಲಭ ಅನಿಸುತ್ತದೆ. ಆದರೆ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಗಾಯ ಆಗೋದು ಇಲ್ಲೇ. ಆ ನೋವು ತಕ್ಷಣ ಗೊತ್ತಾಗಲ್ಲ. ಮರುದಿನ ಶುರುವಾಗಿ, ಎರಡನೇ ಮೂರನೇ ದಿನ ಜೋರಾಗಿ, ಆಮೇಲೆ ಇಳಿಯುತ್ತದೆ.

ಒಳ್ಳೆ ಸುದ್ದಿ ಅಂದರೆ, ಈ ಸ್ನಾಯುವಿಗೆ ನೆನಪಿನ ಶಕ್ತಿ ಇದೆ. ಒಂದು ಸಲ ಇಳಿಜಾರಿನ ಪೆಟ್ಟು ತಿಂದರೆ ಮುಂದಿನ ಕೆಲವು ವಾರ ಅದೇ ಇಳಿಜಾರಿಗೆ ಅಷ್ಟು ನೋಯಲ್ಲ. ಅಂದರೆ ಇಳಿಯೋದನ್ನು ಚಿಕ್ಕ ಚಿಕ್ಕ ಡೋಸ್‌ನಲ್ಲಿ ಮೊದಲೇ ಕೊಡಬೇಕು. ನಾನು ಲಿಫ್ಟ್ ಹತ್ತಿ ತಪ್ಪಿಸಿಕೊಂಡಿದ್ದು ಇದನ್ನೇ!

ಮೆಟ್ಟಿಲ ಕೆಳಗಿನ ಮೊದಲ ಹಂತದಲ್ಲಿ ನಿಲ್ಲಿ, ಮುಖ ಕೆಳಗಡೆ. ಒಂದು ಕೈ ಕಂಬಿಯ ಹತ್ತಿರ ಇರಲಿ, ಹಿಡಿಯಬೇಡಿ. ಬಲಗಾಲು ಹಂತದ ಮೇಲೆ, ಎಡಗಾಲು ಗಾಳಿಯಲ್ಲಿ. ಈಗ ಬಲ ಮಂಡಿಯನ್ನು ಬಗ್ಗಿಸುತ್ತಾ, ಮನಸ್ಸಿನಲ್ಲಿ ಒಂದು, ಎರಡು, ಮೂರು, ನಾಲ್ಕು ಎಣಿಸುತ್ತಾ, ಎಡ ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ. ತಾಗಿಸಿ ಅಷ್ಟೇ, ಭಾರ ಹಾಕಬೇಡಿ. ಮತ್ತೆ ಮೇಲೆ ಬನ್ನಿ. ಬಲ ಮಂಡಿ ಒಳಗಡೆ ವಾಲುತ್ತಿದೆಯಾ ನೋಡಿ, ಅದು ಹೆಬ್ಬೆರಳ ಪಕ್ಕದ ಬೆರಳಿನ ನೇರಕ್ಕೇ ಇರಬೇಕು. ಮೊದಲ ದಿನ ನನ್ನ ಮಂಡಿ ಮೂರನೇ ಸಲಕ್ಕೇ ಒಳಗೆ ವಾಲಿ, ಹಿಮ್ಮಡಿ ದಪ್ ಅಂತ ನೆಲಕ್ಕೆ ಬಿತ್ತು. ಆ ದಪ್ ಅನ್ನೋ ಸದ್ದೇ ನಿಮ್ಮ ಪರೀಕ್ಷೆ. ಸದ್ದಿಲ್ಲದೆ ಒಂದೊಂದು ಕಾಲಿಗೂ ಹತ್ತು ಸಲ, ಮೂರು ಸುತ್ತು ಆಗುವವರೆಗೆ ಮುಂದೆ ಹೋಗಬೇಡಿ. ವಾರಕ್ಕೆ ಎರಡು ದಿನ ಸಾಕು. ಇದರ ಜೊತೆ ಕುರ್ಚಿಯಿಂದ ಕೈ ಊರದೆ ಏಳೋದು, ನಿಧಾನವಾಗಿ ಕೂರೋದು, ತುದಿಗಾಲಲ್ಲಿ ಎದ್ದು ಇಳಿಯೋದು.

ಆಮೇಲೆ ನಿಜವಾದ ಮೆಟ್ಟಿಲು, ನಿಜವಾದ ಗುಡ್ಡ. ಭಾರಕ್ಕೆ ನೀರಿನ ಬಾಟಲಿ ಹಾಕಿಕೊಳ್ಳಿ. ಕಲ್ಲು, ಪುಸ್ತಕ ಬೇಡ. ಶುರುವಿನ ವಾರಗಳಲ್ಲಿ ಭಾರ ಹೊತ್ತು ಹತ್ತಿ, ಮೇಲೆ ಹೋಗಿ ನೀರನ್ನು ಗಿಡಕ್ಕೆ ಸುರಿದು ಖಾಲಿ ಬ್ಯಾಗಿನಲ್ಲಿ ಇಳಿಯಿರಿ. ಮುಂದಿನ ವಾರ ಒಂದು ಬಾಟಲಿ ಉಳಿಸಿಕೊಂಡು ಇಳಿಯಿರಿ, ಅದರ ಮುಂದಿನ ವಾರ ಎರಡು. ನಾಲ್ಕನೇ ತಿಂಗಳ ಕೊನೆಗೆ ಪೂರ್ತಿ ಭಾರದಲ್ಲಿ ಇಳಿಯೋಕೆ ಆಗಬೇಕು. ಹತ್ತಿರದಲ್ಲಿ ಗುಡ್ಡವೇ ಇಲ್ಲವಾ? ಎತ್ತರದ ಕಟ್ಟಡ ಹುಡುಕಿ. ಲಿಫ್ಟ್‌ನಲ್ಲಿ ಹೋಗಿ, ಕಾಲಲ್ಲಿ ಇಳಿಯಿರಿ.

ಇಳಿಯುವ ರೀತಿಯಲ್ಲೂ ಒಂದು ಗುಟ್ಟಿದೆ. ಹೆದರಿದವರು ಹಿಂದಕ್ಕೆ ವಾಲುತ್ತಾರೆ. ಹಿಂದಕ್ಕೆ ವಾಲಿದರೆ ಹಿಮ್ಮಡಿ ಮುಂದಕ್ಕೆ ಜಾರಿ ಕುಂಡೆಯ ಮೇಲೆ ಕೂರೋದು ಗ್ಯಾರಂಟಿ. ಮೂಗು ಕಾಲ್ಬೆರಳಿನ ಮೇಲಿರಲಿ, ಮಂಡಿ ಸ್ವಲ್ಪ ಬಗ್ಗಿರಲಿ, ಹೆಜ್ಜೆ ಚಿಕ್ಕದಿರಲಿ. ದೊಡ್ಡ ಕಲ್ಲಿನಿಂದ ಧುಮುಕೋ ಬದಲು ಪಕ್ಕದ ಎರಡು ಚಿಕ್ಕ ಕಲ್ಲು ಹುಡುಕಿ. ಕಡಿದಾದ ಕಡೆ ಹಾವಿನ ಥರ ಅಡ್ಡಡ್ಡ ಇಳಿಯಿರಿ.

ಕೋಲು ಬೇಕೇ ಬೇಕು, ಒಂದಲ್ಲ ಎರಡು. ಕೋಲು ಹಿಡಿದರೆ ಮುದುಕರ ಥರ ಕಾಣುತ್ತೀವಿ ಅಂತ ಸಂಕೋಚ ಪಡುವವರಿಗೆ ನನ್ನ ಉತ್ತರ: ಮೂರನೇ ದಿನ ಅಂಬೆಗಾಲಿಟ್ಟರೆ ಮಗುವಿನ ಥರ ಕಾಣುತ್ತೀರಿ. ಸಮ ನೆಲದಲ್ಲಿ ಮೊಣಕೈ ನೇರ ಕೋನದಲ್ಲಿ ಬಗ್ಗುವಷ್ಟು ಉದ್ದ, ಹತ್ತುವಾಗ ಸ್ವಲ್ಪ ಗಿಡ್ಡ, ಇಳಿಯುವಾಗ ಐದರಿಂದ ಹತ್ತು ಸೆಂಟಿಮೀಟರ್ ಉದ್ದ. ಇಳಿಯುವಾಗ ಕೋಲನ್ನು ಮೊದಲು ಮುಂದೆ ಊರಿ, ಕೈಗೆ ಭಾರ ಕೊಟ್ಟು, ಆಮೇಲೆ ಕಾಲು ಇಡಿ. ಇದು ಅಭ್ಯಾಸವಾಗೋಕೆ ಕೆಲವು ದಿನ ಬೇಕು. ಬೆಟ್ಟದ ಬುಡದಲ್ಲಿ ಪ್ಯಾಕ್ ಬಿಚ್ಚಿ ಕಲಿಯೋಕೆ ಹೋಗಬೇಡಿ.

ನೋವಿನ ಬಗ್ಗೆ ಒಂದು ಮಾತು. ತೊಡೆ ಇಡಿಯಾಗಿ ಎರಡೂ ಕಡೆ ಜಡವಾಗಿ ನೋಯುತ್ತಿದ್ದರೆ ಅದು ಕೆಲಸದ ನೋವು, ಹೋಗುತ್ತದೆ. ಮಂಡಿಯ ಒಂದೇ ಜಾಗದಲ್ಲಿ ಚುಚ್ಚಿದರೆ, ಊದಿದರೆ, ಮಂಡಿ ಸಿಕ್ಕಿಹಾಕಿಕೊಂಡ ಹಾಗಾದರೆ ಅಥವಾ ಇದ್ದಕ್ಕಿದ್ದ ಹಾಗೆ ಕುಸಿದರೆ ನಿಲ್ಲಿಸಿ, ಫಿಸಿಯೋಥೆರಪಿಯವರಿಗೆ ತೋರಿಸಿ. ಎರಡು ವಾರ ಬಿಡುವು ಕೊಟ್ಟು ಆರು ತಿಂಗಳ ತಯಾರಿ ಏಳು ತಿಂಗಳಾದರೆ ಆಗಲಿ.

ಹಲ್ಲುಜ್ಜುತ್ತಾ ಬ್ಯಾಲೆನ್ಸ್

ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಿ, ಅರ್ಧ ಹೊತ್ತು ಎಡ, ಅರ್ಧ ಹೊತ್ತು ಬಲ. ಹತ್ತು ಸೆಕೆಂಡ್ ಆಗದಿದ್ದರೆ ಬ್ಯಾಲೆನ್ಸ್‌ಗೆ ಜಾಸ್ತಿ ಗಮನ ಕೊಡಬೇಕು ಅಂತರ್ಥ. ಸುಲಭವಾದ ಮೇಲೆ ತಲೆಯನ್ನು ಆಚೆ ಈಚೆ ತಿರುಗಿಸಿ. ಇನ್ನೂ ಆಗುತ್ತದೆ ಅಂದರೆ ಗೋಡೆಯ ಪಕ್ಕ ನಿಂತು ಕಣ್ಣು ಮುಚ್ಚಿ ನೋಡಿ, ಎಷ್ಟು ಕಷ್ಟ ಅಂತ ನಗು ಬರುತ್ತದೆ. ಇನ್ನೊಂದು: ಪೂರ್ತಿ ಬ್ಯಾಗ್ ಹಾಕಿಕೊಂಡು ನೆಲದ ಮೇಲೆ ಕೂತು, ಯಾರ ಸಹಾಯವೂ ಇಲ್ಲದೆ ಎದ್ದೇಳೋದು. ಬೆಟ್ಟದಲ್ಲಿ ಇದು ದಿನಕ್ಕೆ ಹತ್ತು ಸಲ ಬೇಕಾಗುತ್ತದೆ.

ಕಾಲು, ಶೂ, ಬ್ಯಾಗ್

ಶೂ ಸಂಜೆ ಹೊತ್ತು ಕೊಳ್ಳಿ, ದಿನವಿಡೀ ಓಡಾಡಿ ಕಾಲು ಊದಿರುತ್ತದೆ. ಬೆಟ್ಟದಲ್ಲಿ ಇನ್ನೂ ಊದುತ್ತದೆ. ಚಾರಣಕ್ಕೆ ಹಾಕುವ ಕಾಲುಚೀಲ ಹಾಕಿಕೊಂಡೇ ನೋಡಿ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಇರಬೇಕು. ಇಳಿಜಾರು ಹಲಗೆಯ ಮೇಲೆ ಕೆಳಮುಖವಾಗಿ ನಿಂತು ಕಾಲು ಕುಟ್ಟಿ ನೋಡಿ. ಬೆರಳು ಮುಂದೆ ತಾಗಿದರೆ ಆ ಶೂ ಬೇಡ, ಎರಡು ಗಂಟೆ ಇಳಿದರೆ ಉಗುರು ಕಪ್ಪಾಗಿ ಬಿದ್ದುಹೋಗುತ್ತದೆ. ಹೊರಡುವ ಮೂರು ದಿನ ಮೊದಲೇ ಉಗುರು ಕತ್ತರಿಸಿ, ಹಿಂದಿನ ರಾತ್ರಿ ಅಲ್ಲ. ಇಳಿಯುವ ಮೊದಲು ಕೂತು ಕಣಕಾಲಿನ ಹತ್ತಿರದ ದಾರವನ್ನು ಬಿಗಿ ಮಾಡಿ, ಹಿಮ್ಮಡಿ ಹಿಂದಕ್ಕೆ ಕೂತು ಪಾದ ಮುಂದೆ ಜಾರಲ್ಲ.

ಪಾದದಲ್ಲಿ ಎಲ್ಲೋ ಬಿಸಿ ಬಿಸಿ ಅನಿಸಿದರೆ ಅದು ಗುಳ್ಳೆ ಏಳುವ ಮುನ್ಸೂಚನೆ. ಆ ಕ್ಷಣವೇ ನಿಂತು, ಶೂ ಬಿಚ್ಚಿ, ಒರೆಸಿ, ಟೇಪ್ ಹಾಕಿ. "ಮುಂದಿನ ತಿರುವಿನಲ್ಲಿ ನೋಡೋಣ, ಎಲ್ಲರೂ ಕಾಯ್ತಾರೆ" ಅಂತ ದಾಕ್ಷಿಣ್ಯ ಮಾಡಿದವರೇ ಸಂಜೆ ಕುಂಟೋದು.

ಬ್ಯಾಗ್ ನಿಮ್ಮ ತೂಕದ ಏಳನೇ ಒಂದು ಭಾಗ ದಾಟದಿರಲಿ. 63 ಕಿಲೋ ಇದ್ದರೆ 9 ಕಿಲೋ, ನೀರೂ ಸೇರಿ. ಮನೆಯ ತಕ್ಕಡಿಯಲ್ಲಿ ಬ್ಯಾಗ್ ಹಾಕಿಕೊಂಡು ನಿಂತು, ಬಿಟ್ಟು ನಿಂತು, ಕಳೆದು ನೋಡಿ. ನಾನು ಮೊದಲ ಸಲ 13 ಕಿಲೋ ಹೊತ್ತಿದ್ದೆ. ಅದರಲ್ಲಿ ಎರಡು ಪುಸ್ತಕ ಇದ್ದವು, ಒಂದು ಪುಟವೂ ಓದಲಿಲ್ಲ. ಸಾಮಾನು ಹೊರುವವರನ್ನು ಗೊತ್ತುಮಾಡಿಕೊಳ್ಳಲು ಅವಕಾಶ ಇದ್ದರೆ ಮಾಡಿಕೊಳ್ಳಿ, ಅದರಲ್ಲಿ ಮರ್ಯಾದೆ ಹೋಗುವಂಥದ್ದೇನೂ ಇಲ್ಲ.

ಊಟ, ನೀರು, ಎತ್ತರ

ವಯಸ್ಸಾದಂತೆ ಬಾಯಾರಿಕೆ ಕಮ್ಮಿಯಾಗುತ್ತದೆ. ನೀರು ಬೇಕಾದರೂ ಮೈ ಕೇಳಲ್ಲ. ಹಾಗಾಗಿ ಗಂಟೆಗೊಮ್ಮೆ ನೆನಪು ಮಾಡಿಕೊಂಡು ನಾಲ್ಕು ಗುಟುಕು ಕುಡಿಯಿರಿ, ಮೂತ್ರದ ಬಣ್ಣ ತಿಳಿ ಹಳದಿ ಇದ್ದರೆ ಸರಿ. ಹಾಗಂತ ಹೊಟ್ಟೆ ಕುಲುಕುವಷ್ಟು ಬರೀ ನೀರೂ ಬೇಡ, ರಕ್ತದಲ್ಲಿ ಉಪ್ಪಿನಂಶ ತೆಳುವಾಗಿ ತಲೆ ತಿರುಗುತ್ತದೆ. ತಯಾರಿಯ ತಿಂಗಳುಗಳಲ್ಲಿ ಪ್ರೋಟೀನ್ ಕಡೆ ಗಮನ ಇರಲಿ. ನಮ್ಮ ವಯಸ್ಸಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು ಅಂತಾರೆ, ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ.

ನಿಮ್ಮ ದಾರಿ 2,500 ಮೀಟರ್ ದಾಟುತ್ತಿದ್ದರೆ ಇದನ್ನು ಓದಿ, ಇಲ್ಲದಿದ್ದರೆ ಬಿಡಿ. ಎತ್ತರದ ಕಾಯಿಲೆಗೆ ವಯಸ್ಸು ಮುಖ್ಯ ಕಾರಣ ಅಲ್ಲ, ಫಿಟ್ ಆಗಿರೋದು ಅದಕ್ಕೆ ಔಷಧಿಯೂ ಅಲ್ಲ. ಬೇಗ ಏರಿದವರಿಗೆ ಬರುತ್ತದೆ, ಅಷ್ಟೇ. ದಮ್ಮು ಇರುವ ಹುಡುಗರು ಓಡಿಹೋಗಿ ಮಲಗುತ್ತಾರೆ, ನಿಧಾನಕ್ಕೆ ಬಂದ ಅಜ್ಜ ಊಟ ಮಾಡುತ್ತಿರುತ್ತಾನೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರಿಗಿಂತ ಜಾಸ್ತಿ ಎತ್ತರ ಇರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಬಿಡುವು ಬೇಕು. ಈ ಬಿಡುವು ಇಲ್ಲದ ಪ್ಯಾಕೇಜ್ ಎಷ್ಟೇ ಚೆನ್ನಾಗಿ ಕಂಡರೂ ಬೇಡ. ತಲೆನೋವು, ವಾಕರಿಕೆ, ಊಟ ಸೇರದಿರುವುದು ಶುರುವಾದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ನೆಟ್ಟಗೆ ಒಂದು ಗೆರೆಯ ಮೇಲೆ ನಡೆಯೋಕೆ ಆಗದಿದ್ದರೆ, ಮಾತು ತೊದಲಿದರೆ, ಸುಮ್ನೆ ಕೂತಾಗಲೂ ಏದುಸಿರು ಬಂದರೆ, ರಾತ್ರಿಯೇ ಆಗಿರಲಿ ತಕ್ಷಣ ಕೆಳಗೆ ಇಳಿಸಬೇಕು, ಒಂಟಿಯಾಗಿ ಅಲ್ಲ. ಇದಕ್ಕೆ ತಗೊಳ್ಳುವ ಮಾತ್ರೆಗಳಿವೆ, ಅವು ನಿಮ್ಮ ಬಿ.ಪಿ. ಮಾತ್ರೆ ಜೊತೆ ಹೊಂದುತ್ತವಾ ಅಂತ ಡಾಕ್ಟರ್ ಹತ್ತಿರ ಮೊದಲೇ ಕೇಳಿ.

ಮನಸ್ಸಿನ ತಯಾರಿ

ಕಾಲಿಗೆ ವ್ಯಾಯಾಮ ಹೇಳಿದ ಹಾಗೆ ಮನಸ್ಸಿಗೆ ಹೇಳೋಕೆ ಆಗಲ್ಲ. ಆದರೆ ಕೆಲವು ಸಂಗತಿ ಮೊದಲೇ ಗೊತ್ತಿದ್ದರೆ ಅಲ್ಲಿ ಹೋದಾಗ ಅಷ್ಟು ಚುಚ್ಚಲ್ಲ.

ಮೊದಲನೆಯದು, ನೀವು ಕೊನೆಯವರಾಗುತ್ತೀರಿ. ಆಫೀಸಿನಲ್ಲಿ, ಮನೆಯಲ್ಲಿ ಮೂವತ್ತು ವರ್ಷ ಎಲ್ಲರಿಗಿಂತ ಮುಂದೆ ಇದ್ದವರಿಗೆ ಇದು ಸುಲಭ ಅಲ್ಲ. ಅದರಲ್ಲೂ ಒಂದು ಅನ್ಯಾಯ ನಡೆಯುತ್ತದೆ: ಮುಂದೆ ಹೋದವರು ನಿಂತು ಹದಿನೈದು ನಿಮಿಷ ಸುಧಾರಿಸಿಕೊಳ್ಳುತ್ತಾರೆ, ನೀವು ತಲುಪಿದ ತಕ್ಷಣ "ಬಂದ್ರಾ, ಸರಿ ಹೊರಡೋಣ" ಅಂತ ಏಳುತ್ತಾರೆ. ಹೆಚ್ಚು ಸುಸ್ತಾದವರಿಗೇ ಬಿಡುವಿಲ್ಲ. ಇದನ್ನು ಮೊದಲ ದಿನವೇ ಬಾಯಿ ಬಿಟ್ಟು ಹೇಳಿ. "ನಾನು ನಿಧಾನ. ನನ್ನನ್ನು ಲೀಡರ್ ಹಿಂದೆ ಎರಡನೆಯವರಾಗಿ ನಡೆಸಿ. ನಾನು ಕೂತ ಮೇಲೆ ಹತ್ತು ನಿಮಿಷ ಎಣಿಸಿ." ಇದಕ್ಕೆ ಮುಖ ಸಿಂಡರಿಸುವ ಗುಂಪಾದರೆ ಆ ಗುಂಪು ನಿಮಗಲ್ಲ.

ಎರಡನೆಯದು, ಬೇಜಾರು. ಮಂಜು ಮುಚ್ಚಿಕೊಂಡು ಇಡೀ ದಿನ ಮುಂದಿನವರ ಬ್ಯಾಗ್ ಬಿಟ್ಟು ಏನೂ ಕಾಣದ ದಿನಗಳಿರುತ್ತವೆ. ತಯಾರಿಯ ಸಮಯದಲ್ಲಿ ಮಳೆ ಬಂದ ದಿನ ಮನೆಯಲ್ಲಿ ಕೂರಬೇಡಿ, ಬೇಕಂತಲೇ ಹೊರಡಿ. ಒದ್ದೆ ಕಾಲುಚೀಲದಲ್ಲಿ ಮೂರು ಗಂಟೆ ನಡೆದರೆ ಏನಾಗುತ್ತದೆ ಅಂತ ಮೊದಲೇ ಗೊತ್ತಾಗಲಿ. ಮೊಬೈಲ್‌ನಲ್ಲಿ ಹಾಡು ಹಾಕಬೇಡಿ, ಸುಮ್ನೆ ನಡೆಯಿರಿ. ಕಷ್ಟ ಅನಿಸಿದಾಗ ನಾನು ಮುಂದಿನ ನೂರು ಹೆಜ್ಜೆ ಮಾತ್ರ ಎಣಿಸುತ್ತೇನೆ. ಶಿಖರ ನೋಡಲ್ಲ.

ಮೂರನೆಯದು ಹೇಳಿಕೊಳ್ಳೋಕೆ ನಾಚಿಕೆಯಾಗುವಂಥದ್ದು. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳಬೇಕು. ಚಳಿ, ಕತ್ತಲೆ, ಟೆಂಟ್ ಜಿಪ್ಪು, ಪಕ್ಕದವರ ನಿದ್ದೆ. ಇದಕ್ಕೆ ಹೆದರಿ ಸಂಜೆಯಿಂದ ನೀರು ಬಿಟ್ಟು ಮರುದಿನ ಸೋತವರನ್ನು ನೋಡಿದ್ದೇನೆ. ತಲೆಗೆ ಕಟ್ಟುವ ಟಾರ್ಚ್ ದಿಂಬಿನ ಪಕ್ಕ ಇರಲಿ, ಬಾಗಿಲ ಕಡೆಯ ಜಾಗ ಕೇಳಿ ತಗೊಳ್ಳಿ. ಹಾಸಿಗೆಯ ಮಟ್ಟದಿಂದ ಕತ್ತಲಲ್ಲಿ ಏಳೋದನ್ನು ಮನೆಯ ನೆಲದ ಮೇಲೆ ಒಂದು ವಾರ ಮಲಗಿ ಅಭ್ಯಾಸ ಮಾಡಿ. ನೆಲದ ಮೇಲೆ ನಿದ್ದೆ ಬರುತ್ತದಾ ಅಂತಲೂ ಗೊತ್ತಾಗುತ್ತದೆ.

ಇನ್ನು ವಾಪಸ್ ಬರುವ ವಿಷಯ. ಎಲ್ಲಿ, ಯಾವಾಗ ಹಿಂದೆ ತಿರುಗುತ್ತೀರಿ ಅಂತ ಮನೆಯಲ್ಲಿ ಕೂತು, ಹೊಟ್ಟೆ ತುಂಬಿದಾಗ, ತಣ್ಣಗಿರುವಾಗ ಬರೆದಿಡಿ. "ಮಧ್ಯಾಹ್ನ ಒಂದಕ್ಕೆ ಬೆಟ್ಟದ ನೆತ್ತಿ ತಲುಪದಿದ್ದರೆ ವಾಪಸ್. ಮಂಡಿ ಊದಿದರೆ ವಾಪಸ್. ಎರಡು ಸಲ ಬಿದ್ದರೆ ಅವತ್ತಿನ ನಡಿಗೆ ಅಲ್ಲಿಗೇ ಸಾಕು." ಬೆಟ್ಟದ ಮೇಲೆ ಕೂತು ಈ ನಿರ್ಧಾರ ಮಾಡೋಕೆ ಹೋದರೆ ಖರ್ಚಾದ ದುಡ್ಡು, ನೋಡುತ್ತಿರುವ ಜನ, ಊರಲ್ಲಿ ಹೇಳಿಕೊಂಡು ಬಂದ ಮಾತು ಎಲ್ಲಾ ಅಡ್ಡ ಬರುತ್ತವೆ. ಚೀಟಿಯ ಒಂದು ಪ್ರತಿ ಮನೆಯವರಿಗೂ ಕೊಡಿ. ಅವರ ಅರ್ಧ ಭಯ ಅದರಿಂದಲೇ ಕಮ್ಮಿಯಾಗುತ್ತದೆ.

ವಾಪಸ್ ಬಂದರೆ ಕಥೆ ಮುಗಿಯಿತು ಅಂದುಕೊಳ್ಳುವವರಿಗೆ ಎಮ್ಮಾ ಗೇಟ್‌ವುಡ್ ನೆನಪಿಸುತ್ತೇನೆ. ಹನ್ನೊಂದು ಮಕ್ಕಳ ತಾಯಿ. 1954ರಲ್ಲಿ ಅಮೆರಿಕದ ಅಪಲೇಚಿಯನ್ ಟ್ರೈಲ್ ನಡೆಯೋಕೆ ಹೊರಟು, ಸ್ವಲ್ಪ ದಿನದಲ್ಲೇ ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು, ಮನೆಗೆ ಮರಳಿದರು. ಮರುವರ್ಷ, 67ರ ವಯಸ್ಸಿನಲ್ಲಿ, ದಾರಿಯ ಇನ್ನೊಂದು ತುದಿಯಿಂದ ಶುರುಮಾಡಿ 3,300 ಕಿಲೋಮೀಟರ್ ದೂರವನ್ನು ಒಬ್ಬರೇ ನಡೆದು ಮುಗಿಸಿದರು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಕೈಯಲ್ಲೇ ಹೊಲಿದ ಚೀಲ. ಆ ಶೂ ನೀವು ಅನುಸರಿಸಬೇಡಿ, ಮರುವರ್ಷ ಹೊರಟಿದ್ದನ್ನು ಮಾತ್ರ ನೋಡಿ.

ಐದನೇ ತಿಂಗಳು, ಆಮೇಲೆ ಕೊನೆಯ ವಾರಗಳು

ಐದನೇ ತಿಂಗಳಲ್ಲಿ ಮೂರು ವಾರಾಂತ್ಯ ರಿಹರ್ಸಲ್‌ಗೆ ಇಡಿ. ಶನಿವಾರ ಐದಾರು ಗಂಟೆ, ಭಾನುವಾರ ಮತ್ತೆ ನಾಲ್ಕೈದು ಗಂಟೆ, ಅದೇ ಶೂ, ಅದೇ ಬ್ಯಾಗ್, ಅದೇ ತಿಂಡಿ. ಸುಧಾರಿಸಿಕೊಳ್ಳೋಕೆ ಎರಡು ದಿನ ಬೇಕು ಅಂತ ಮೇಲೆ ಹೇಳಿದ್ದೆ, ಇಲ್ಲಿ ಮಾತ್ರ ಅದನ್ನು ಬೇಕಂತಲೇ ಮುರಿಯಬೇಕು. ಯಾಕಂದರೆ ಶನಿವಾರ ಎಲ್ಲರೂ ಚೆನ್ನಾಗಿ ನಡೆಯುತ್ತಾರೆ, ಗೊತ್ತಾಗಬೇಕಾದ್ದು ಭಾನುವಾರ ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟಾಗ. ಮೊದಲ ಹತ್ತು ನಿಮಿಷ ಬಿಗಿಯಾಗಿದ್ದು ಆಮೇಲೆ ಸಡಿಲವಾದರೆ ನೀವು ತಯಾರು. ಅರ್ಧ ಗಂಟೆ ಆದರೂ ಕುಂಟುತ್ತಿದ್ದರೆ ಇನ್ನೊಂದು ತಿಂಗಳು ತಗೊಳ್ಳಿ, ಇಲ್ಲಾ ದಿನದ ದೂರ ಕಮ್ಮಿ ಇರುವ ದಾರಿ ಆರಿಸಿಕೊಳ್ಳಿ.

ಕೊನೆಯ ದೊಡ್ಡ ಇಳಿತ ಹೊರಡುವ ಹತ್ತು ಹನ್ನೆರಡು ದಿನ ಮೊದಲು. ಅದರ ನೋವು ಮಾಯುತ್ತದೆ, ಸ್ನಾಯುವಿಗೆ ನೆನಪು ಉಳಿಯುತ್ತದೆ. ಆಮೇಲೆ ಅಭ್ಯಾಸವನ್ನು ಅರ್ಧಕ್ಕರ್ಧ ಕಮ್ಮಿ ಮಾಡಿ, ಕೊನೆಯ ಮೂರು ದಿನ ಬರೀ ಅಡ್ಡಾಡಿ. ಆ ವಾರದಲ್ಲಿ "ಏನೂ ಮಾಡ್ತಿಲ್ವಲ್ಲ, ಎಲ್ಲಾ ಕರಗಿಹೋಗುತ್ತೆ" ಅಂತ ಭಯ ಬರುತ್ತದೆ. ಕರಗಲ್ಲ. ಹೊಸ ಶೂ, ಹೊಸ ಕಾಲುಚೀಲ, ಹೊಸ ವ್ಯಾಯಾಮ ಯಾವುದನ್ನೂ ಆ ವಾರ ಮುಟ್ಟಬೇಡಿ.

ಎರಡನೇ ಸಲ ಆ 1,100 ಮೀಟರ್ ಇಳಿಯೋಕೆ ನನಗೆ ನಾಲ್ಕು ಗಂಟೆ ಹತ್ತು ನಿಮಿಷ ಹಿಡಿಯಿತು, ಎಲ್ಲರಿಗಿಂತ ಕೊನೆಗೆ. ಮರುದಿನ ಟೆಂಟ್‌ನಿಂದ ಎರಡು ಕಾಲಲ್ಲಿ ಹೊರಗೆ ಬಂದೆ. ಮನೆಗೆ ಬಂದ ಮೇಲೂ ಅಭ್ಯಾಸ ಬಿಟ್ಟಿಲ್ಲ, ವಾರಕ್ಕೆ ಎರಡು ದಿನ ಬ್ಯಾಗ್ ಹಾಕಿಕೊಂಡು ಲಿಫ್ಟ್‌ನಲ್ಲಿ ಒಂಬತ್ತನೇ ಮಹಡಿಗೆ ಹೋಗಿ ಮೆಟ್ಟಿಲಲ್ಲಿ ಇಳಿಯುತ್ತೇನೆ. ಲಿಫ್ಟ್‌ನಲ್ಲಿ ಸಿಗುವವರು ಈಗಲೂ ಕೇಳುತ್ತಾರೆ, "ಊರಿಂದ ಬಂದ್ರಾ?"